ಕಡತದ ಸ್ಥಿತಿಯೂ ನನ್ನ ತಪ್ಪೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾನು ಕಟ್ಟಡದ ನಿಧಿಯ ವಿಚಾರವನ್ನೋ ಪರೀಕ್ಷೆಯ ಫಲಿತಾಂಶದ ವಿಚಾರವನ್ನೋ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದೇ ಬರುವುವು. ನಾನು ಬರೆಯಲಿಚ್ಛಿಸುವುದು ಕಂಪ್ಯೂಟರಿಗೆ ಸಂಬಂಧಪಟ್ಟ ಒಂದು ಚಿಕ್ಕ ವಿಷಯವನ್ನು. ಸಿ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರು ಒಂದು ಕಡತದ, ಅಂದರೆ ಫೈಲಿನ, ಸ್ಥಿತಿಗತಿಯನ್ನು ಯಂತ್ರದಿಂದ ಕೇಳಿ ತಿಳಿಯುವ ಬಗೆ ಹೇಗೆಂಬುದೇ ಆ ವಿಷಯ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದೇಕೆಂದು ವಾಚಕರು ಆಶ್ಚರ್ಯಪಡಬಾರದು. ಈ ಸಂಗತಿಯನ್ನು ಸರಿಯಾಗಿ ತಿಳಿಯದೆ ಹೋದುದರಿಂದ ನಾನು ಒಮ್ಮೆ ನಿರಪರಾಧಿಯಾದ ಒಬ್ಬ ಹುಡುಗಿಗೆ ಅನ್ಯಾಯ ಮಾಡಿದೆನು. ಅವಳು ಈ ಶಾಲೆಯಲ್ಲಿಯೇ ಓದಿದವಳು. ಅವಳ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ.

ಅದು ೨೦೧೬ನೆಯ ಇಸವಿಯ ಫೆಬ್ರವರಿ ತಿಂಗಳು. ನಾನು ಶಾಲೆಯ ಹೊಣೆಯನ್ನು ವಹಿಸಿಕೊಂಡು ಎರಡು ವರುಷಗಳೂ ತುಂಬಿರಲಿಲ್ಲ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯು ಮುಗಿದು, ಅಂಕಗಳ ಪಟ್ಟಿಯು ಕಚೇರಿಯ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು. ಬುಧವಾರ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಸಹಿ ಮಾಡಿ, ಬೀರುವಿನಲ್ಲಿ ಇಟ್ಟಿದ್ದೆನು. ಮುಂದಿನ ಸೋಮವಾರ ಬೆಳಿಗ್ಗೆ ತಾಯಿತಂದೆಗಳ ಸಭೆಗೆಂದು ಕಂಪ್ಯೂಟರಿನಲ್ಲಿದ್ದ ಪಟ್ಟಿಯನ್ನು ತೆರೆದು ನೋಡುವಲ್ಲಿ, ಒಬ್ಬ ವಿದ್ಯಾರ್ಥಿನಿಯ ಗಣಿತದ ಅಂಕವು ೩೩ ಎಂದಿತ್ತು. ಸಹಿಯಾದ ಕಾಗದದಲ್ಲಿ ಅದು ೨೪. ಇಪ್ಪತ್ತನಾಲ್ಕು ತೇರ್ಗಡೆಗೆ ಸಾಲದು, ಮೂವತ್ತಮೂರು ಸಾಲುವುದು. ಆ ವಿದ್ಯಾರ್ಥಿನಿಯಾದರೋ ನಮ್ಮ ಕಚೇರಿಯ ಸಹಾಯಕಿಯ ಚಿಕ್ಕಪ್ಪನ ಮಗಳು. ಸಹಾಯಕಿಯು ಶನಿವಾರ ಸಾಯಂಕಾಲ ಒಬ್ಬಳೇ ಕಚೇರಿಯಲ್ಲಿ ಕುಳಿತು ಶುಲ್ಕದ ಲೆಕ್ಕವನ್ನು ಬರೆದಿದ್ದಳೆಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಬಳಿಯಲ್ಲಿದ್ದ ಇಬ್ಬರು ಶಿಕ್ಷಕಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು; ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ.

ಆಗ ನನಗೆ ಕಾಲೇಜಿನಲ್ಲಿ ಕಲಿತ ವಿದ್ಯೆಯ ನೆನಪಾಯಿತು. ೧೯೯೮ರಲ್ಲಿ ಬಿ.ಎಸ್‌ಸಿ. ತರಗತಿಯಲ್ಲಿ ನಾನು ಸಿ ಭಾಷೆಯನ್ನು ಅಭ್ಯಾಸ ಮಾಡಿದ್ದೆನು. ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬವರು ೧೯೭೦ರ ದಶಕದ ಆರಂಭದಲ್ಲಿ ರೂಪಿಸಿದ ಭಾಷೆಯಿದು. ಅವರೂ ಕೆನ್ ಥಾಂಪ್ಸನ್ ಎಂಬವರೂ ಸಂಗಡಿಗರೊಡನೆ ಕಟ್ಟಿದ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ೧೯೭೩ರಲ್ಲಿ ಇದೇ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಕಡತದ ಸ್ಥಿತಿಯನ್ನು ಕೇಳುವುದಕ್ಕೆ ಸ್ಟಾಟ್ ಎಂಬ ಒಂದು ಕರೆಯುಂಟು. ಅದು ಅದಕ್ಕಿಂತಲೂ ಹಳೆಯದು. ೧೯೭೧ರ ನವೆಂಬರ್ ತಿಂಗಳ ತಾರೀಖುಳ್ಳ ಯೂನಿಕ್ಸಿನ ಮೊದಲನೆಯ ಕೈಪಿಡಿಯಲ್ಲಿಯೇ ಅದು ಸೇರಿದೆ. ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿರುವ ಲಿನಕ್ಸ್ ಎಂಬುದು ಆ ಯೂನಿಕ್ಸಿನ ಪದ್ಧತಿಯನ್ನು ಅನುಸರಿಸಿದ್ದು. ಆದುದರಿಂದ ಒಂದು ಸಣ್ಣ ಪ್ರೋಗ್ರಾಮು ಬರೆದು, ಅಂಕಪಟ್ಟಿಯ ಕಡತವನ್ನು ಯಾವಾಗ ತಿದ್ದಲಾಯಿತೆಂಬುದನ್ನು ಯಂತ್ರದ ಬಾಯಿಂದಲೇ ಕೇಳುವೆನೆಂದು ನಿಶ್ಚಯಿಸಿದೆನು.

ಈ ಸ್ಟಾಟ್ ಎಂಬುದು ಏನು ಮಾಡುವುದೆಂಬುದನ್ನು ನಮ್ಮ ಶಾಲೆಯ ಪುಸ್ತಕಗಳ ದೃಷ್ಟಾಂತದಿಂದಲೇ ಹೇಳುವೆನು. ಒಬ್ಬ ಹುಡುಗಿಯು ಶಾಲೆಗೆ ಸೇರಿದೊಡನೆ ದಾಖಲಾತಿ ಪುಸ್ತಕದಲ್ಲಿ ಅವಳಿಗೆ ಒಂದು ಸಂಖ್ಯೆಯೂ ಒಂದು ಸಾಲೂ ದೊರೆಯುವುವು. ಅವಳು ಯಾರ ಮಗಳು, ಯಾವ ದಿನ ಸೇರಿದಳು ಎಂಬಿವೆಲ್ಲ ಆ ಸಾಲಿನಲ್ಲಿರುವುವು. ಅವಳ ಬುದ್ಧಿ ಎಂಥದು, ಮನಸ್ಸು ಎಂಥದು ಎಂಬುದು ಅಲ್ಲಿರುವುದಿಲ್ಲ. ಹಾಗೆಯೇ ಪ್ರತಿಯೊಂದು ಕಡತಕ್ಕೂ ಯಂತ್ರದೊಳಗೆ ಐನೋಡ್ ಎಂಬ ಒಂದು ದಾಖಲೆಯುಂಟು. ಕಡತದ ಬಗೆ, ಅದನ್ನು ಓದುವ ಮತ್ತು ಬರೆಯುವ ಹಕ್ಕು ಯಾರಿಗುಂಟೆಂಬುದು, ಒಡೆಯನ ಸಂಖ್ಯೆ, ಒಡೆಯನ ಗುಂಪಿನ ಸಂಖ್ಯೆ, ಬೈಟುಗಳಲ್ಲಿ ಅದರ ಉದ್ದ, ಅದಕ್ಕಿರುವ ಹೆಸರುಗಳ ಎಣಿಕೆ, ಮತ್ತು ಮೂರು ವೇಳೆಗಳು ಅದರಲ್ಲಿ ಬರೆದಿರುವುವು. ಸ್ಟಾಟ್ ಕರೆಯು ಈ ಸಾಲನ್ನು ನಕಲು ಮಾಡಿ ನಮ್ಮ ಕೈಗೆ ಕೊಡುವುದು. ಕಡತದ ಒಳಗೆ ಏನಿದೆಯೆಂಬುದನ್ನು ಅದು ನೋಡುವುದೇ ಇಲ್ಲ. ಆದುದರಿಂದಲೇ ಕಡತವನ್ನು ಓದುವ ಹಕ್ಕಿಲ್ಲದವನೂ ಅದರ ಸ್ಥಿತಿಯನ್ನು ಕೇಳಬಹುದು. ದಾರಿಯಲ್ಲಿರುವ ಸಂಪುಟಗಳನ್ನು ದಾಟಿ ಹೋಗುವ ಅನುಮತಿಯೊಂದಿದ್ದರೆ ಸಾಕು.

ವಿಚಿತ್ರವೇನೆಂದರೆ, ಈ ದಾಖಲೆಯಲ್ಲಿ ಕಡತದ ಹೆಸರು ಇರುವುದಿಲ್ಲ. ಹೆಸರು ಇರುವುದು ಸಂಪುಟದಲ್ಲಿ, ಅಂದರೆ ಡೈರೆಕ್ಟರಿಯಲ್ಲಿ. ಅದು ನಮ್ಮ ಹಾಜರಿ ಪುಸ್ತಕದಂತೆ ಹೆಸರನ್ನೂ ಸಂಖ್ಯೆಯನ್ನೂ ಮಾತ್ರ ಬರೆದುಕೊಂಡಿರುವುದು. ಮನೆಯಲ್ಲಿ ಒಂದು ಹೆಸರಿನಿಂದಲೂ ಶಾಲೆಯಲ್ಲಿ ಇನ್ನೊಂದು ಹೆಸರಿನಿಂದಲೂ ಕರೆಯಲ್ಪಡುವ ಹುಡುಗಿಯು ಒಬ್ಬಳೇ ಆಗಿರುವಂತೆ, ಒಂದೇ ಕಡತಕ್ಕೆ ಎರಡು ಮೂರು ಹೆಸರುಗಳಿರಬಹುದು. ಒಂದು ಹೆಸರನ್ನು ಅಳಿಸಿದರೆ ಎಣಿಕೆಯು ಒಂದು ಕಡಿಮೆಯಾಗುವುದೇ ಹೊರತು ಕಡತವು ಅಳಿಯದು. ಎಣಿಕೆಯು ಸೊನ್ನೆಗೆ ಇಳಿದು, ಅದನ್ನು ತೆರೆದಿಟ್ಟುಕೊಂಡಿರುವ ಪ್ರೋಗ್ರಾಮು ಯಾವುದೂ ಇಲ್ಲದಾಗಲೇ ಅದರ ಸ್ಥಳವು ಬಿಡುಗಡೆಯಾಗುವುದು.

ಸ್ಟಾಟ್ ಎಂಬುದಕ್ಕೆ ಇಬ್ಬರು ಒಡಹುಟ್ಟಿದವರೂ ಉಂಟು. ಪುಸ್ತಕದ ಒಂದು ಪುಟದಲ್ಲಿ "ಇದಕ್ಕಾಗಿ ಇಂಥ ಪುಟವನ್ನು ನೋಡಿರಿ" ಎಂಬ ಸೂಚನೆ ಮಾತ್ರ ಇದ್ದರೆ, ಸ್ಟಾಟ್ ಆ ಸೂಚನೆಯನ್ನು ಅನುಸರಿಸಿ ಹೋಗಿ ನಿಜವಾದ ದಾಖಲೆಯನ್ನು ತರುವುದು. ಎಲ್‌ಸ್ಟಾಟ್ ಎಂಬುದು ಆ ಸೂಚನೆಯ ಚೀಟಿಯ ವಿಚಾರವನ್ನೇ ಹೇಳುವುದು. ಎಫ್‌ಸ್ಟಾಟ್ ಎಂಬುದು ಹೆಸರನ್ನು ಕೇಳದೆ, ಆಗಲೇ ತೆರೆದಿರುವ ಕಡತದ ಸ್ಥಿತಿಯನ್ನು ತಿಳಿಸುವುದು. ಹೆಸರು ಹಿಡಿದು ಕೇಳಿದ ಕ್ಷಣಕ್ಕೂ ಕಡತವನ್ನು ತೆರೆಯುವ ಕ್ಷಣಕ್ಕೂ ನಡುವೆ ಯಾರಾದರೂ ಅದನ್ನು ಬದಲಿಸಬಹುದಾದುದರಿಂದ, ಜಾಗರೂಕರು ಮೊದಲು ತೆರೆದು ಆಮೇಲೆ ಎಫ್‌ಸ್ಟಾಟಿನಿಂದ ಕೇಳುವರು.

ಇಷ್ಟನ್ನು ನೆನಪು ಮಾಡಿಕೊಂಡು ಇಪ್ಪತ್ತು ಸಾಲುಗಳ ಒಂದು ಪ್ರೋಗ್ರಾಮನ್ನು ಬರೆದೆನು. ಮೊದಲನೆಯ ಸಲ ಓಡಿಸಿದಾಗ ಕಡತದ ಉದ್ದವೂ ವೇಳೆಗಳೂ ಅರ್ಥವಿಲ್ಲದ ಸಂಖ್ಯೆಗಳಾಗಿ ಬಂದುವು. ಕಾರಣವೇನೆಂದರೆ, ಕಡತದ ಹೆಸರಿನಲ್ಲಿ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದೆನು. ಸ್ಟಾಟ್ ಸಫಲವಾದರೆ ಸೊನ್ನೆಯನ್ನೂ, ವಿಫಲವಾದರೆ ಒಂದನ್ನು ಋಣಚಿಹ್ನೆಯೊಡನೆಯೂ ಹಿಂದಿರುಗಿಸುವುದು; ಕಡತ ಸಿಕ್ಕಲಿಲ್ಲವೋ ದಾರಿಯಲ್ಲಿ ಅನುಮತಿಯಿಲ್ಲವೋ ಎಂಬುದನ್ನು ಎರ್ನೋ ಎಂಬಲ್ಲಿ ಬರೆದಿಡುವುದು. ನಾನು ಆ ಉತ್ತರವನ್ನು ಪರೀಕ್ಷಿಸದೆ, ತುಂಬಿಸಲ್ಪಡದ ಚೀಟಿಯಲ್ಲಿದ್ದ ಕಸವನ್ನೇ ಓದಿದ್ದೆನು. ನನ್ನ ಅವಸರಕ್ಕೆ ಇದೇ ಮೊದಲನೆಯ ಎಚ್ಚರಿಕೆಯಾಗಬೇಕಾಗಿತ್ತು. ನಾನು ಹೆಸರನ್ನು ತಿದ್ದಿ ಮುಂದುವರಿದೆನು.

ಎರಡನೆಯ ಸಲ ವೇಳೆಗಳು ಹತ್ತು ಅಂಕಿಗಳ ದೊಡ್ಡ ಸಂಖ್ಯೆಗಳಾಗಿ ಬಂದುವು. ಈ ಯಂತ್ರಗಳು ೧೯೭೦ರ ಜನವರಿ ೧ನೆಯ ತಾರೀಖಿನ ಆರಂಭದಿಂದ, ಗ್ರೀನಿಚ್ಚಿನ ಕಾಲಕ್ಕೆ ಸರಿಯಾಗಿ, ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. ಅದನ್ನು ನಮ್ಮ ದೇಶದ ಕಾಲಕ್ಕೆ ತಿರುಗಿಸಿದಾಗ ಹೀಗೆ ಕಂಡಿತು. ಎಟೈಮ್ ಎಂಬುದು ಸೋಮವಾರ ಬೆಳಿಗ್ಗೆ. ಎಂಟೈಮ್ ಎಂಬುದು ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಸಿಟೈಮ್ ಎಂಬುದು ಶನಿವಾರ ಸಾಯಂಕಾಲ ಐದು ಗಂಟೆ ಇಪ್ಪತ್ತು ನಿಮಿಷ.

ಮೊದಲನೆಯದು ಕಡತವನ್ನು ಕಡೆಯದಾಗಿ ಓದಿದ ವೇಳೆಯೆಂದೂ, ಎರಡನೆಯದು ಅದರ ಒಳಗಿನ ಬರಹವನ್ನು ಕಡೆಯದಾಗಿ ತಿದ್ದಿದ ವೇಳೆಯೆಂದೂ ನನಗೆ ತಿಳಿದಿತ್ತು. ಮೂರನೆಯದು ಕಡತವು ಹುಟ್ಟಿದ ವೇಳೆಯೆಂದು ನಾನು ಕಾಲೇಜಿನ ದಿನಗಳಿಂದಲೂ ನಂಬಿಕೊಂಡಿದ್ದೆನು. ವಿಂಡೋಸ್ ಯಂತ್ರಗಳ ಸಿ ಭಂಡಾರದಲ್ಲಿ ಅದರ ಅರ್ಥವು ಹಾಗೆಯೇ ಇರುವುದು. ಹೀಗಾಗಿ ನಾನು ಮಾಡಿದ ತರ್ಕವು ಇಂತಿತ್ತು. ಕಡತವು ಶನಿವಾರ ಹುಟ್ಟಿದೆ. ತಿದ್ದಿದ್ದು ಮಾತ್ರ ಗುರುವಾರವೆಂದು ತೋರುತ್ತಿದೆ. ಹುಟ್ಟುವುದಕ್ಕೆ ಮೊದಲೇ ತಿದ್ದಲ್ಪಡುವುದು ಹೇಗೆ? ಯಾರೋ ಶನಿವಾರ ಹೊಸ ಕಡತವನ್ನು ಹಳೆಯದರ ಸ್ಥಾನದಲ್ಲಿಟ್ಟು, ಗುರುವಾರದ ತಾರೀಖನ್ನು ಹಾಕಿ ಮರೆಮಾಚಿರಬೇಕು. ಎಂಟೈಮನ್ನು ಬೇಕಾದ ಹಾಗೆ ಬರೆಯುವುದು ಸುಲಭವಾದ ಕೆಲಸವೇ ಆಗಿರುವುದರಿಂದ ನನ್ನ ಸಂಶಯವು ಇನ್ನಷ್ಟು ಗಟ್ಟಿಯಾಯಿತು. ಶನಿವಾರ ಐದೂ ಇಪ್ಪತ್ತಕ್ಕೆ ಕಚೇರಿಯಲ್ಲಿದ್ದವಳು ಒಬ್ಬಳೇ.

ಆ ಇಬ್ಬರು ಶಿಕ್ಷಕಿಯರ ಎದುರಿನಲ್ಲಿಯೇ ಅವಳನ್ನು ಕರೆಯಿಸಿ, "ಶನಿವಾರ ನೀನು ಅಂಕಪಟ್ಟಿಯನ್ನು ಹೊಸದಾಗಿ ಮಾಡಿಟ್ಟು ಗುರುವಾರದ ತಾರೀಖು ಹಾಕಿದ್ದೀಯಲ್ಲವೇ?" ಎಂದು ಕೇಳಿದೆನು.

"ಇಲ್ಲ ಟೀಚರ್. ಶುಲ್ಕದ ಲೆಕ್ಕ ಬಿಟ್ಟು ಬೇರೇನನ್ನೂ ನಾನು ತೆರೆಯಲಿಲ್ಲ" ಎಂದಳು.

"ಹಾಗಾದರೆ ಯಂತ್ರವು ಸುಳ್ಳು ಹೇಳುತ್ತದೆಯೇ?" ಎಂದೆನು.

ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಇರುವುದಾದರೂ ಹೇಗೆ? ಪರದೆಯ ಮೇಲಿದ್ದ ಆ ಮೂರು ಸಾಲುಗಳನ್ನು ಅವಳು ನೋಡುತ್ತಲೇ ನಿಂತಿದ್ದಳು. ಮರುದಿನ ಕಚೇರಿಗೆ ಬರಬೇಕಾಗಿಲ್ಲವೆಂದೂ, ಆಡಳಿತ ಮಂಡಲಿಯವರಿಗೆ ಬರೆಯುವೆನೆಂದೂ ಹೇಳಿ ಅವಳನ್ನು ಕಳುಹಿಸಿಬಿಟ್ಟೆನು.

ಆ ರಾತ್ರಿ ಪತ್ರವನ್ನು ಬರೆಯಲು ಕುಳಿತೆನು. ಬರೆಯುವ ಪ್ರತಿಯೊಂದು ಮಾತಿಗೂ ಆಧಾರವಿರಬೇಕೆಂದು ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಆದುದರಿಂದ ಸಿಟೈಮ್ ಎಂಬುದರ ಅರ್ಥವನ್ನು ಲಿನಕ್ಸಿನ ಕೈಪಿಡಿಯಿಂದಲೇ ಉದಾಹರಿಸೋಣವೆಂದು ಸ್ಟಾಟ್ ಎಂಬ ಪುಟವನ್ನು ತೆರೆದೆನು. ಹುಟ್ಟಿದ ವೇಳೆಯೆಂಬ ಮಾತು ಅಲ್ಲಿರಲಿಲ್ಲ. ಕಡತದ ಸ್ಥಿತಿಯು, ಅಂದರೆ ಆ ಐನೋಡ್ ದಾಖಲೆಯು, ಕಡೆಯದಾಗಿ ಬದಲಾದ ವೇಳೆಯೆಂದಿತ್ತು. ಯೂನಿಕ್ಸಿನ ಮನೆತನದಲ್ಲಿ ಆ ಸಿ ಎಂಬ ಅಕ್ಷರವು ಹುಟ್ಟನ್ನು ಹೇಳುವುದಲ್ಲ, ಬದಲಾವಣೆಯನ್ನು ಹೇಳುವುದು. ಒಳಗಿನ ಬರಹವನ್ನು ತಿದ್ದಿದರೆ ಎಂಟೈಮೂ ಸಿಟೈಮೂ ಎರಡೂ ಬದಲಾಗುವುವು. ಬರಹವನ್ನು ಮುಟ್ಟದೆ ಕಡತದ ಒಡೆಯನನ್ನು ಬದಲಿಸಿದರೂ, ಓದುಬರಹದ ಹಕ್ಕನ್ನು ಬದಲಿಸಿದರೂ, ಇನ್ನೊಂದು ಹೆಸರನ್ನು ಕೊಟ್ಟರೂ, ಸಿಟೈಮ್ ಒಂದೇ ಬದಲಾಗುವುದು. ಹುಡುಗಿಯ ತಂದೆಯ ವಿಳಾಸವನ್ನು ದಾಖಲಾತಿ ಪುಸ್ತಕದಲ್ಲಿ ತಿದ್ದಿದ ದಿನವನ್ನು ಹುಡುಗಿಯು ಹುಟ್ಟಿದ ದಿನವೆಂದು ಓದಿದವಳಂತೆ ನಾನು ಓದಿದ್ದೆನು.

ಶನಿವಾರ ಸಾಯಂಕಾಲ ಹಕ್ಕನ್ನು ಬದಲಿಸಿದವರಾರು? ಇದನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂಕಪಟ್ಟಿಯನ್ನು ಎಲ್ಲರೂ ಓದುವಂತಿರಬೇಕು, ಯಾರೂ ತಿದ್ದುವಂತಿರಬಾರದು ಎಂದು ಶುಕ್ರವಾರ ಕಂಪ್ಯೂಟರ್ ಶಿಕ್ಷಕಿಗೆ ಚೀಟಿ ಬರೆದು ಕಳುಹಿಸಿದವಳು ನಾನೇ. ಅವರು ಶನಿವಾರ ಪ್ರಯೋಗಶಾಲೆಯಲ್ಲಿ ಕುಳಿತು, ಶಾಲೆಯ ಜಾಲದ ಮೂಲಕ ಆ ಕೆಲಸವನ್ನು ಮಾಡಿ ಮುಗಿಸಿದ್ದರು. ಯಂತ್ರವು ಸುಳ್ಳು ಹೇಳಿರಲಿಲ್ಲ. ನನ್ನ ಅಪ್ಪಣೆಯು ನಡೆದ ವೇಳೆಯನ್ನೇ ಅದು ನನಗೆ ತೋರಿಸಿತ್ತು. ನಾನು ಅದನ್ನು ಆ ಹುಡುಗಿಯ ಅಪರಾಧದ ವೇಳೆಯೆಂದು ಓದಿದ್ದೆನು.

ಉಳಿದದ್ದು ಗುರುವಾರದ ತಿದ್ದುಪಡಿ. ಗಣಿತದ ಶಿಕ್ಷಕಿಯವರು ಶುಕ್ರವಾರದಿಂದ ಮದುವೆಗೆಂದು ಊರಿಗೆ ಹೋಗಿದ್ದವರು ಮಂಗಳವಾರ ಬೆಳಿಗ್ಗೆ ಬಂದರು. ಕೇಳಿದೊಡನೆಯೇ ತಮ್ಮ ಮೇಜಿನ ಸೆಳೆಖಾನೆಯಿಂದ ತಿದ್ದುಪಡಿಯ ಪುಸ್ತಕವನ್ನು ತೆಗೆದು ತೋರಿಸಿದರು. ಆ ವಿದ್ಯಾರ್ಥಿನಿಯ ಉತ್ತರಪತ್ರಿಕೆಯ ಹೆಚ್ಚುವರಿ ಹಾಳೆಯೊಂದು ಬೇರೆ ಕಟ್ಟಿನಲ್ಲಿ ಸೇರಿಹೋಗಿತ್ತಂತೆ. ಅದರಲ್ಲಿದ್ದ ೯ ಅಂಕಗಳನ್ನು ಕೂಡಿಸಿ, ಗುರುವಾರ ಮಧ್ಯಾಹ್ನ ಪಟ್ಟಿಯನ್ನು ಸರಿಪಡಿಸಿ, ಪುಸ್ತಕದಲ್ಲಿಯೂ ಬರೆದು ಸಹಿ ಮಾಡಿದ್ದರು. ಇಪ್ಪತ್ತನಾಲ್ಕೂ ಒಂಬತ್ತೂ ಕೂಡಿ ಮೂವತ್ತಮೂರು. ಸೋಮವಾರ ಅವರಿಗೆ ಒಂದು ಸಲ ಫೋನು ಮಾಡಿದ್ದರೆ ಎರಡು ನಿಮಿಷಗಳಲ್ಲಿ ತಿಳಿಯಬಹುದಾಗಿದ್ದ ಸಂಗತಿಯಿದು.

ಅವಳಿಗೆ ಹೇಳಿಕಳುಹಿಸಿದೆನು. ಅವಳು ಬಂದ ಮೇಲೆ, ಹಿಂದಿನ ದಿನ ಅಲ್ಲಿದ್ದ ಇಬ್ಬರು ಶಿಕ್ಷಕಿಯರನ್ನೂ ಕರೆದು, ನಡೆದುದನ್ನೆಲ್ಲ ಅವರ ಎದುರಿಗೇ ವಿವರಿಸಿ, ತಪ್ಪು ನನ್ನದೆಂದು ಹೇಳಿ ಕ್ಷಮೆಯನ್ನು ಬೇಡಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ನಿನ್ನೆ ಅಮ್ಮನಿಗೆ ಏನು ಹೇಳುವುದೆಂದು ಗೊತ್ತಾಗದೆ ಏಳು ಗಂಟೆಯ ತನಕ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ" ಎಂದಳು. ಬೇರೇನನ್ನೂ ಹೇಳಲಿಲ್ಲ. ಹೋಗಿ ತನ್ನ ಮೇಜಿನಲ್ಲಿ ಕುಳಿತು ಶುಲ್ಕದ ಪುಸ್ತಕವನ್ನು ತೆರೆದಳು. ಅವಳು ಅತ್ತಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಂದಿನಿಂದ ನಾನು ಸ್ಟಾಟ್ ಕೊಡುವ ಸಾಲನ್ನು ಮತ್ತೊಮ್ಮೆ ವಿದ್ಯಾರ್ಥಿನಿಯಂತೆ ಕುಳಿತು ಕಲಿತೆನು. ಕಲಿತದ್ದರಲ್ಲಿ ಮುಖ್ಯವಾದುದೇನೆಂದರೆ, ಅದು ಏನನ್ನು ಹೇಳುವುದಿಲ್ಲ ಎಂಬುದೇ. ಒಡೆಯನ ಸಂಖ್ಯೆಯು ಕಡತವು ಯಾರದೆಂಬುದನ್ನು ಹೇಳುವುದು. ಕಡೆಯದಾಗಿ ಬರೆದವರು ಯಾರೆಂಬುದನ್ನು ಹೇಳುವುದಿಲ್ಲ. ಹಾಗೆ ಹೇಳುವ ಸ್ಥಳವೇ ಆ ದಾಖಲೆಯಲ್ಲಿಲ್ಲ. ಎಂಟೈಮನ್ನು ಒಡೆಯನು ತನಗೆ ಬೇಕಾದ ತಾರೀಖಿಗೆ ತಿರುಗಿಸಬಹುದು. ಹಾಗೆ ತಿರುಗಿಸಿದ ಗಳಿಗೆಯು ಸಿಟೈಮಿನಲ್ಲಿ ಬೀಳುವುದು. ಸಿಟೈಮನ್ನು ಹಾಗೆ ತಿರುಗಿಸುವ ಕರೆಯಿಲ್ಲ. ಆದರೆ ಅದು ಬದಲಾದದ್ದಕ್ಕೆ ಕಾರಣವೇನೆಂಬುದನ್ನು ಅದು ಬಾಯಿಬಿಡುವುದಿಲ್ಲ. ಎಟೈಮನ್ನಂತೂ ಪೂರ್ಣವಾಗಿ ನಂಬುವಂತಿಲ್ಲ. ಪ್ರತಿಯೊಂದು ಓದಿಗೂ ಆ ವೇಳೆಯನ್ನು ಬರೆಯುವುದು ಯಂತ್ರಕ್ಕೆ ಹೊರೆಯಾಗುವುದರಿಂದ, ೨೦೦೯ರಿಂದ ಲಿನಕ್ಸ್ ಸಾಮಾನ್ಯವಾಗಿ ಕೆಲವು ಸಂದರ್ಭಗಳಲ್ಲಿ ಮಾತ್ರ ಅದನ್ನು ಬರೆಯುವುದು: ಹಿಂದಿನ ಓದಿನ ಅನಂತರ ಕಡತವು ಬದಲಾಗಿದ್ದರೆ, ಅಥವಾ ಹಿಂದೆ ಬರೆದು ಒಂದು ದಿನ ಕಳೆದಿದ್ದರೆ. ಕಡತವು ಹುಟ್ಟಿದ ವೇಳೆಯನ್ನು ಹಳೆಯ ಸ್ಟಾಟ್ ಲಿನಕ್ಸಿನಲ್ಲಿ ಕೊಡುವುದೇ ಇಲ್ಲ. ಅದನ್ನು ಕೇಳಬೇಕಾದರೆ ೨೦೧೭ರಲ್ಲಿ ಬಂದ ಸ್ಟಾಟೆಕ್ಸ್ ಎಂಬ ಹೊಸ ಕರೆಯಿಂದ ಕೇಳಬೇಕು, ಅದೂ ಆ ವೇಳೆಯನ್ನು ಬರೆದಿಡುವ ಬಗೆಯ ಭಂಡಾರವಾಗಿದ್ದರೆ ಮಾತ್ರ. ನನ್ನ ಕೈಯಲ್ಲಿದ್ದ ಆ ಮೂರು ವೇಳೆಗಳಲ್ಲಿ ಯಾವುದೂ ಯಾವ ಮನುಷ್ಯರನ್ನೂ ಬೆರಳೆತ್ತಿ ತೋರಿಸಿರಲಿಲ್ಲ. ಬೆರಳೆತ್ತಿದವಳು ನಾನು.

ಈಗ ಒಂಬತ್ತನೆಯ ತರಗತಿಯ ಕಂಪ್ಯೂಟರ್ ಪಾಠದಲ್ಲಿ ವರುಷಕ್ಕೊಂದು ದಿನ ನಾನೇ ಹೋಗಿ ಈ ಇಪ್ಪತ್ತು ಸಾಲುಗಳನ್ನು ಹುಡುಗಿಯರಿಂದ ಬರೆಯಿಸುವುದುಂಟು. ಮೊದಲು ಇಲ್ಲದ ಕಡತದ ಹೆಸರನ್ನು ಕೊಡಿಸಿ, ವಿಫಲವಾದ ಪ್ರಶ್ನೆಯ ಉತ್ತರವನ್ನು ನಂಬಿದರೆ ಏನಾಗುವುದೆಂಬುದನ್ನು ತೋರಿಸುವೆನು. ಆಮೇಲೆ ಅವರವರ ಕಡತವನ್ನು ಒಮ್ಮೆ ಓದಿಸಿ, ಒಮ್ಮೆ ಒಂದು ಸಾಲು ಬರೆಯಿಸಿ, ಒಮ್ಮೆ ಹಕ್ಕನ್ನು ಮಾತ್ರ ಬದಲಿಸಿ, ಪ್ರತಿಯೊಂದು ಸಲವೂ ಯಾವ ವೇಳೆ ಬದಲಾಯಿತು, ಯಾವುದು ಬದಲಾಗಲಿಲ್ಲವೆಂಬುದನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಲು ಹೇಳುವೆನು. ಓದಿದರೂ ಎಟೈಮ್ ಬದಲಾಗದೆ ಉಳಿದುದನ್ನು ಕಂಡು ಯಾವಳಾದರೊಬ್ಬಳು ಕೈಯೆತ್ತಿಯೇ ಎತ್ತುವಳು. ಕೊನೆಗೆ ಈ ಕಥೆಯನ್ನು ಹೇಳುವೆನು. ಪಾಠದಲ್ಲಿ ನಿದ್ದೆಗೆಡುವವರೂ ಕಥೆ ಬಂದಾಗ ಎಚ್ಚರವಾಗುವರು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕಂಪ್ಯೂಟರಿನ ಎದುರಿಗೆ ಕುಳಿತು ದುಡಿಯುತ್ತಿದ್ದೀರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ವಿಷಯದಲ್ಲಿ ಯಂತ್ರವು ತೋರಿಸುವ ತಾರೀಖನ್ನು ಸಾಕ್ಷಿಯಾಗಿ ಹಿಡಿಯುವ ಸಂದರ್ಭವು ನಿಮಗೂ ಬಂದೀತು. ಆ ತಾರೀಖಿನ ಅರ್ಥವನ್ನು ಅದೇ ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ನೋಡಿಕೊಂಡ ಮೇಲೆಯೂ ಸಂಬಂಧಪಟ್ಟವರೆಲ್ಲರನ್ನು ಒಮ್ಮೆ ಕೇಳಿರಿ. ತಾಯಿತಂದೆಗಳಲ್ಲಿ ನನ್ನ ಬಿನ್ನಹವೇನೆಂದರೆ, ನಿಮ್ಮ ಮಗಳ ಅಂಕದಲ್ಲಿಯಾಗಲಿ ದಾಖಲೆಯಲ್ಲಿಯಾಗಲಿ ವ್ಯತ್ಯಾಸವು ಕಂಡುಬಂದರೆ ಸಂಕೋಚವಿಲ್ಲದೆ ಬಂದು ವಿಚಾರಿಸಬೇಕು. ಸಹಿಯಾದ ಪಟ್ಟಿಯೊಡನೆ ತಿದ್ದುಪಡಿಯ ಪುಸ್ತಕವೂ ಈಗ ನನ್ನ ಬೀರುವಿನಲ್ಲಿಯೇ ಇರುವುದು. ಅದನ್ನು ನೋಡದೆ ನಾನು ಯಾರಿಗೂ ಉತ್ತರ ಕೊಡುವುದಿಲ್ಲ.

ಆ ಸಹಾಯಕಿಯು ಇನ್ನೂ ಎರಡು ವರುಷ ನಮ್ಮಲ್ಲಿದ್ದು, ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ದೊರೆತು ಹೋದಳು. ಈ ಲೇಖನವನ್ನು ಅವಳಿಗೆ ಮೊದಲೇ ಕಳುಹಿಸಿ ಓದಿಸಿದೆನು. ಬಸ್ ಸ್ಟ್ಯಾಂಡಿನ ಮಾತನ್ನು ತೆಗೆದುಬಿಡಲೇ ಎಂದು ಕೇಳಿದ್ದಕ್ಕೆ, ಅದು ಹಾಗೆಯೇ ಇರಲಿ ಟೀಚರ್ ಎಂದು ಬರೆದಳು.